ಸುಣ್ಣವೂ ಸಾರಜನಕದ ಗೊಬ್ಬರವೂ

ಮಧುರೆ ಹೋಬಳಿಯ ಕೆಂಪು ನೆಲದಲ್ಲಿ ಹುಳಿಯಂಶ ಹೆಚ್ಚಿದ ಕಡೆ ಸುಣ್ಣ ಹಾಕುವುದು ಯುಕ್ತವೇ. ಆದರೆ ಕೂಲಿ ಉಳಿಯುವುದೆಂದು ಅರಳಿದ ಸುಣ್ಣವನ್ನೂ ಅಮೋನಿಯಂ ಸಲ್ಫೇಟನ್ನೂ ಒಂದೇ ರಾಶಿಯಲ್ಲಿ ಬೆರೆಸುವುದನ್ನು ಕಣಗಳಲ್ಲಿ ಕಂಡಿದ್ದೇನೆ. ಇದು ಕೇವಲ ನಷ್ಟಕರವಾದುದು. ನೂರಕ್ಕೆ ಸುಮಾರು 21 ಪಾಲು ಸಾರಜನಕವುಳ್ಳ ಈ ಗೊಬ್ಬರದಲ್ಲಿ ಅಮೋನಿಯಾ ಗಂಧಕಾಮ್ಲದೊಡನೆ ಕೂಡಿ ಲವಣವಾಗಿರುತ್ತದೆ. ಚೀಲವು ಒಣಗಿದ್ದಲ್ಲಿ ಬಹುಕಾಲ ಕೆಡದು. ಸುಣ್ಣ ಸೇರಿದೊಡನೆ ಆಮ್ಲವು ಅಮೋನಿಯಾವನ್ನು ಬಿಟ್ಟು ಸುಣ್ಣವನ್ನೇ ಹಿಡಿದು ಜಿಪ್ಸಮ್ ಆಗುತ್ತದೆ. ಬಿಡುಗಡೆಯಾದ ಅಮೋನಿಯಾ ಗಾಳಿಗೆ ಹೋಗುತ್ತದೆ. ಸಂಶಯವುಳ್ಳವರು ತೆಂಗಿನ ಕರಟದಲ್ಲಿ ಗೊಬ್ಬರದ ಚಿಟಿಕೆಯೊಂದಕ್ಕೆ ತಾಂಬೂಲದ ಸುಣ್ಣವನ್ನು ಕಲಸಿ ನೋಡಬಹುದು. ಮೂಗನ್ನು ಚುಚ್ಚುವ ಆ ವಾಸನೆಯು ದುಡ್ಡು ಕೊಟ್ಟು ತಂದ ಸಾರಜನಕದ್ದೇ. ಒಲೆಯ ಬೂದಿಯೂ ಕ್ಷಾರವಾದುದರಿಂದ ಇದೇ ಗುಣವುಳ್ಳದ್ದು.

ಯೂರಿಯಾದ ರೀತಿ ಬೇರೆ. ನೂರಕ್ಕೆ 46 ಪಾಲು ಸಾರಜನಕವುಳ್ಳ ಇದು ಒಣ ಚೀಲದಲ್ಲಿ ಸ್ಥಿರವಾಗಿದ್ದರೂ, ತೇವದ ಮಣ್ಣಿನಲ್ಲಿರುವ ಯೂರಿಯೇಸ್ ಎಂಬ ಕಿಣ್ವವು ಕೆಲವೇ ದಿನಗಳಲ್ಲಿ ಇದನ್ನೊಡೆದು ಅಮೋನಿಯಂ ಕಾರ್ಬೊನೇಟನ್ನಾಗಿ ಮಾಡುತ್ತದೆ. ಈ ಲವಣದ ಕಟ್ಟು ಬಲು ಸಡಿಲ. ನೆಲದ ಮೇಲೆಯೇ ಬಿದ್ದಿದ್ದರೆ ಅದರ ಅಮೋನಿಯಾ ಬಿಸಿಲಿಗೆ ಹಾರುವುದು. ಆದುದರಿಂದ ರಾಗಿಗೆ ಮೇಲುಗೊಬ್ಬರ ಕೊಡುವವರು ಹದ ನೋಡಿ ಹಾಕಿ, ಅಂದೇ ಕುಂಟೆ ಹೊಡೆದು ಮಣ್ಣಿನಲ್ಲಿ ಮುಚ್ಚತಕ್ಕದ್ದು. ಸುಣ್ಣವನ್ನಾದರೋ ಬಿತ್ತನೆಗೆ ಎರಡು ಮೂರು ವಾರ ಮುಂಚೆಯೇ ಎರಚಿ ಉಳತಕ್ಕದ್ದು. ಮಣ್ಣಿನ ಪರೀಕ್ಷೆಯಾಗದೆ ಹಾಕಲಾಗದು.