ಹರೆಯದಲ್ಲೇ ಮುಪ್ಪಾಗುವ ಮಹಾಪಧಮನಿ

1986ರ ಜನವರಿ 24. ಜಪಾನಿನ ಮತ್ಸುಯೆ ನಗರದಲ್ಲಿ ವಾಲಿಬಾಲ್ ಪಂದ್ಯವೊಂದು ನಡೆದಿತ್ತು. ಬದಲಿ ಆಟಗಾರ್ತಿಗೆ ಜಾಗ ಬಿಟ್ಟು ಬೆಂಚಿಗೆ ಬಂದು ಕುಳಿತ ಅಮೆರಿಕದ ಫ್ಲೋ ಹೈಮನ್ ಸದ್ದಿಲ್ಲದೆ ನೆಲಕ್ಕೆ ಕುಸಿದರು, ಮತ್ತೆ ಏಳಲಿಲ್ಲ. ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ತಂಡದ ಆಧಾರಸ್ತಂಭವಾಗಿದ್ದ ಅವರಿಗೆ ಆಗ 31 ವರ್ಷ. ಮೊದಲಿಗೆ ಹೃದಯಾಘಾತವೆಂದೇ ಭಾವಿಸಲಾಗಿತ್ತು. ಅಮೆರಿಕದಲ್ಲಿ ನಡೆದ ಶವಪರೀಕ್ಷೆ ಬೇರೆಯೇ ಸಂಗತಿ ಹೇಳಿತು. ಸೀಳಿದ್ದು ಹೃದಯದಿಂದ ಹೊರಡುವ ಮಹಾಪಧಮನಿ. ಕಾರಣ, ಮಾರ್ಫಾನ್ ಸಿಂಡ್ರೋಮ್ ಎಂಬ ಆನುವಂಶಿಕ ದೋಷ. ಅಂಕಣದಲ್ಲಿ ಎಲ್ಲರೂ ಮೆಚ್ಚಿದ್ದ ಅವರ ಆರಡಿ ಐದಂಗುಲದ ನಿಲುವು ಆ ದೋಷದ ಕುರುಹೂ ಆಗಿತ್ತು.

ಮಹಾಪಧಮನಿ ಬರಿಯ ಕೊಳವೆಯಲ್ಲ. ಹೃದಯ ದಿನಕ್ಕೆ ಸುಮಾರು 1 ಲಕ್ಷ ಬಾರಿ ರಕ್ತ ಚಿಮ್ಮಿಸಿದಾಗಲೂ ಅದು ಹಿಗ್ಗಿ ಕುಗ್ಗಬೇಕು. ಈ ಗುಣ ಬರುವುದು ಅದರ ಗೋಡೆಯಲ್ಲಿರುವ ಎಲಾಸ್ಟಿನ್ ಎಳೆಗಳಿಂದ. ವಿಚಿತ್ರವೆಂದರೆ, ದೇಹ ಈ ಎಳೆಗಳನ್ನು ನೇಯುವುದು ಬಹುಪಾಲು ಗರ್ಭದಲ್ಲಿ ಮತ್ತು ಬಾಲ್ಯದಲ್ಲಿ ಮಾತ್ರ. ಆಮೇಲೆ ಬದುಕಿಡೀ ಅದೇ ಬಟ್ಟೆ! ಹಾಗಾಗಿ ಆರೋಗ್ಯವಂತರಲ್ಲೂ ವಯಸ್ಸಾದಂತೆ ಎಳೆಗಳು ತುಂಡಾಗಿ ಮಹಾಪಧಮನಿ ಪೆಡಸಾಗುತ್ತದೆ, ತುಸು ಅಗಲವಾಗುತ್ತದೆ. ಮಾರ್ಫಾನ್ ಇದ್ದವರಲ್ಲಿ ಆ ಎಳೆಗಳಿಗೆ ಆಸರೆಯಾಗಬೇಕಾದ ಫೈಬ್ರಿಲಿನ್-1 ಎಂಬ ಪ್ರೋಟೀನೇ ಹುಟ್ಟಿನಿಂದ ದೋಷಪೂರಿತ. ಇಳಿವಯಸ್ಸಿನಲ್ಲಿ ಆಗಬೇಕಾದ ಸವೆತ ಅವರಿಗೆ ಹರೆಯದಲ್ಲೇ ಆಗುತ್ತದೆ. ಗೋಡೆ ಹಿಗ್ಗಿದಷ್ಟೂ ಅದರ ಮೇಲಿನ ಎಳೆತ ಹೆಚ್ಚು. ಎಳೆತ ಹೆಚ್ಚಿದಷ್ಟೂ ಗೋಡೆ ಇನ್ನಷ್ಟು ಹಿಗ್ಗುತ್ತದೆ. ಕೊನೆಗೊಂದು ದಿನ ಒಳಪದರ ಹರಿದು, ಪದರಗಳ ನಡುವೆ ರಕ್ತ ನುಗ್ಗುತ್ತದೆ. ಅಲ್ಲಿಯವರೆಗೆ ಸಾಮಾನ್ಯವಾಗಿ ನೋವೂ ಇರುವುದಿಲ್ಲ.

1972ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಇಂಥ ರೋಗಿಗಳ ಸಾವಿನ ಸರಾಸರಿ ವಯಸ್ಸು 32 ವರ್ಷವಿತ್ತು. ಇಂದು ಸಕಾಲದಲ್ಲಿ ಚಿಕಿತ್ಸೆ ಸಿಕ್ಕವರು ಎಪ್ಪತ್ತರವರೆಗೂ ಬದುಕುತ್ತಾರೆ. ಈ ಅಂತರವನ್ನು ತುಂಬಿದ್ದು ಯಾವ ಪವಾಡವೂ ಅಲ್ಲ. ನಿಯಮಿತವಾಗಿ ಎಕೋ ಪರೀಕ್ಷೆಯಲ್ಲಿ ಮಹಾಪಧಮನಿಯ ಬುಡ ಅಳೆಯುವುದು, ಒತ್ತಡ ತಗ್ಗಿಸುವ ಮಾತ್ರೆ, ಅಗಲ 5 ಸೆಂ.ಮೀ. ಮುಟ್ಟುವ ಹೊತ್ತಿಗೆ ಆ ಭಾಗವನ್ನು ಬದಲಿಸುವ ಶಸ್ತ್ರಚಿಕಿತ್ಸೆ, ಇಷ್ಟೇ. ಗರ್ಭಿಣಿಯರಿಗೆ ಎಚ್ಚರ ಇನ್ನೂ ಹೆಚ್ಚು ಬೇಕು. ಆದರೆ ಅಳತೆಪಟ್ಟಿಯನ್ನೇ ಪೂರ್ತಿ ನಂಬುವಂತಿಲ್ಲ. 2005ರಲ್ಲಿ ಗುರುತಿಸಲಾದ ಲೋಯಿಸ್-ಡೀಟ್ಜ್ ಸಿಂಡ್ರೋಮ್‌ನಲ್ಲಿ ಅಗಲ ಕಡಿಮೆಯಿದ್ದಾಗಲೇ ಸೀಳಬಹುದು. ರಕ್ತನಾಳಗಳನ್ನು ಕಾಡುವ ಬಗೆಯ ಎಹ್ಲರ್ಸ್-ಡಾನ್ಲಸ್‌ನಲ್ಲಂತೂ ಹಿಗ್ಗದೆಯೇ ಹರಿಯಬಹುದು.

ಮಾರ್ಫಾನ್ ಸುಮಾರು 5,000 ಮಂದಿಯಲ್ಲಿ ಒಬ್ಬರಿಗೆ ಇರುತ್ತದೆ. ನೀಳ ಕೈಕಾಲು, ಬೆರಳು, ಒಳಗೆ ಕುಸಿದ ಎದೆಗೂಡು, ಸ್ಥಾನ ತಪ್ಪಿದ ಕಣ್ಣಿನ ಮಸೂರ ಇದರ ಲಕ್ಷಣಗಳು. ನಮ್ಮ ಮನೆಗಳಲ್ಲಿ ಇವೆಲ್ಲ 'ಅಜ್ಜನ ಮೈಕಟ್ಟು' ಎಂಬ ಒಂದೇ ಮಾತಿನಲ್ಲಿ ಮುಗಿದುಹೋಗುತ್ತವೆ. ಆ ಅಜ್ಜ ನಲವತ್ತಕ್ಕೇ ಹಠಾತ್ತನೆ ತೀರಿಕೊಂಡದ್ದೇಕೆಂದು ಯಾರೂ ಕೇಳುವುದಿಲ್ಲ. ಎದೆಯಿಂದ ಬೆನ್ನಿಗೆ ಇರಿದಂತೆ ಹಬ್ಬುವ ನೋವನ್ನು ಗ್ಯಾಸ್ಟ್ರಿಕ್ ಎಂದು ಮಾತ್ರೆ ನುಂಗಿ ಮಲಗುವವರೂ ಕಡಿಮೆಯಿಲ್ಲ. ತಂದೆ ಅಥವಾ ತಾಯಿಯಲ್ಲಿ ಈ ದೋಷವಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ಹಾಗಾಗಿ ಒಬ್ಬರಲ್ಲಿ ಪತ್ತೆಯಾದರೆ ಒಡಹುಟ್ಟಿದವರನ್ನೂ ಮಕ್ಕಳನ್ನೂ ಪರೀಕ್ಷಿಸಲೇಬೇಕು.

ಹೈಮನ್ ತೀರಿಕೊಂಡ ಬಳಿಕ ಅವರ ತಮ್ಮನನ್ನು ವೈದ್ಯರು ಪರೀಕ್ಷಿಸಿದರು. ಅವನಲ್ಲಿಯೂ ಅದೇ ದೋಷವಿತ್ತು. ಅಕ್ಕನಿಗೆ ಸಿಗದ ಶಸ್ತ್ರಚಿಕಿತ್ಸೆ ಅವನಿಗೆ ಸಿಕ್ಕಿತು.