ಗೋಲಿಗೂ ಮೊದಲಿನ ಲೆಕ್ಕ

2021ರ ಆಗಸ್ಟ್ 5ರಂದು ಟೋಕಿಯೊದಲ್ಲಿ ಭಾರತ 5–4ರಿಂದ ಜರ್ಮನಿಯನ್ನು ಮಣಿಸಿ, 41 ವರ್ಷಗಳ ನಂತರ ಒಲಿಂಪಿಕ್ಸ್ ಹಾಕಿ ಪದಕ ಗೆದ್ದಿತು. ಆ ಒಂಬತ್ತು ಗೋಲುಗಳನ್ನು ಜನ ಈಗಲೂ ಮೆಲುಕು ಹಾಕುತ್ತಾರೆ. ಪಂದ್ಯದ ತಿರುಳು ಮಾತ್ರ ಬೇರೊಂದು ಅಂಕಿಯಲ್ಲಿದೆ: ಜರ್ಮನಿಗೆ ಸಿಕ್ಕ ಪೆನಾಲ್ಟಿ ಕಾರ್ನರ್ 13, ಅವುಗಳಲ್ಲಿ ಗೋಲಾದದ್ದು ಒಂದು. ಚೆಂಡಿಗೆ ಎದುರಾಗಿ ನುಗ್ಗುತ್ತಿದ್ದ ಅಮಿತ್ ರೋಹಿದಾಸ್, ಗೋಲಿನಲ್ಲಿ ನಿಂತ ಶ್ರೀಜೇಶ್ ಅವರ ದುಡಿಮೆಯೆಲ್ಲ ಆ ಅಂಕಿಯೊಳಗೆ ಅಡಗಿದೆ.

ಸ್ಕೋರ್‌ಬೋರ್ಡ್ ಹೇಳದ ಇಂಥ ಸಂಗತಿಗಳನ್ನು ಹೆಕ್ಕಿ ತೆಗೆಯುವ ವಿದ್ಯೆಯೇ ಹಾಕಿ ಅಂಕಿಅಂಶ ವಿಶ್ಲೇಷಣೆ. ಕ್ರಿಕೆಟ್‌ನಲ್ಲಿ ಎಸೆತಕ್ಕೊಂದು ದಾಖಲೆ ಇರುತ್ತದೆ. ಹಾಕಿಯಲ್ಲಿ ಚೆಂಡು ನಿಲ್ಲುವುದಿಲ್ಲ, ಗೋಲುಗಳೂ ಕಡಿಮೆ. ಆದ್ದರಿಂದ ಗೋಲಿಗೂ ಮೊದಲು ನಡೆದದ್ದನ್ನು ಎಣಿಸಬೇಕು. ಮಾನ್ವಿ ಕಡೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕೊನೆಯ ಭಾಗಕ್ಕೆ ಬಾರದಿದ್ದಾಗ, ಎಲ್ಲಿ ಕಡಿಮೆಯಾಯಿತು ಎಂದು ತಿಳಿಯಲು ಅವರು ನೋಡುವುದು ಮೇಲಿನ ಮೈಲುಗಳ ಗೇಜನ್ನೇ.

ಹಾಕಿಯ ಗೇಜುಗಳು ಮುಖ್ಯವಾಗಿ ಮೂರು. ಗೋಲಿನ ಮುಂದಿನ ವೃತ್ತದೊಳಗೆ ತಂಡ ಎಷ್ಟು ಸಲ ನುಗ್ಗಿತು. ಒಳಹೊಕ್ಕ ಮೇಲೆ ಎಷ್ಟು ಹೊಡೆತ ಅಥವಾ ಪೆನಾಲ್ಟಿ ಕಾರ್ನರ್ ದಕ್ಕಿತು. ತನ್ನದೇ 23 ಮೀಟರ್ ಗೆರೆಯೊಳಗೆ ಎಷ್ಟು ಸಲ ಚೆಂಡು ಕಳೆದುಕೊಂಡಿತು. ಮೈದಾನದ ಆಟ ಗೋಲಾಗಬೇಕಾದರೆ ವೃತ್ತದೊಳಗೆ ದಾಳಿ ತಂಡದ ಸ್ಟಿಕ್ ಚೆಂಡಿಗೆ ತಾಗಲೇಬೇಕು. ಹಾಗಾಗಿ ಮೊದಲನೆಯ ಲೆಕ್ಕಕ್ಕೆ ಅಷ್ಟು ತೂಕ.

ಈ ವಿದ್ಯೆ ಜಾಲತಾಣಗಳಲ್ಲಿ ಬೇಗ ಬೆಳೆದದ್ದು ಉತ್ತರ ಅಮೆರಿಕದ ಐಸ್ ಹಾಕಿಯಲ್ಲಿ. ಗುರಿ ಮುಟ್ಟಿದ, ತಪ್ಪಿದ, ತಡೆಯಲ್ಪಟ್ಟ ಹೊಡೆತಗಳನ್ನೆಲ್ಲ ಕೂಡಿಸುವ ‘ಕೋರ್ಸಿ’ ಎಂಬ ಅಳತೆಗೆ ಗೋಲ್‌ಕೀಪಿಂಗ್ ಕೋಚ್ ಜಿಮ್ ಕೋರ್ಸಿ ಅವರ ಹೆಸರಿದೆ. 2014ರಲ್ಲಿ ಸಂಖ್ಯಾಶಾಸ್ತ್ರಜ್ಞರಾದ ಆಂಡ್ರ್ಯೂ ಥಾಮಸ್ ಮತ್ತು ಸ್ಯಾಮ್ ವೆಂಚುರಾ ‘ವಾರ್ ಆನ್ ಐಸ್’ ತಾಣ ತೆರೆದು, ಹೊಡೆತ ಹುಟ್ಟಿದ ಜಾಗವನ್ನೂ ನಕ್ಷೆಯಲ್ಲಿ ಎಲ್ಲರಿಗೂ ಉಚಿತವಾಗಿ ತೋರಿಸಿದರು. ಸ್ವಲ್ಪ ಕಾಲದಲ್ಲೇ ವೃತ್ತಿಪರ ತಂಡಗಳು ಅವರನ್ನು ಕೆಲಸಕ್ಕೆ ಕರೆದುಕೊಂಡವು.

ನಮ್ಮ ನಾಡಿನಲ್ಲಿ ಇದಕ್ಕೆ ನೆಲ ಹದವಾಗಿದೆ. ರಾಷ್ಟ್ರೀಯ ತಂಡ ತರಬೇತಿ ಪಡೆಯುವುದು ಬೆಂಗಳೂರಿನ ಸಾಯ್ ಕೇಂದ್ರದಲ್ಲಿ. ಟೋಕಿಯೊ ತಂಡದ ಜೊತೆ ವಿಶ್ಲೇಷಣಾ ಕೋಚ್ ಆಗಿ ಗ್ರೆಗ್ ಕ್ಲಾರ್ಕ್ ಇದ್ದರು. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಹಬ್ಬದಲ್ಲಿ, 2024ರ ನಾಪೋಕ್ಲು ಕೂಟಕ್ಕೆ 360 ಕುಟುಂಬಗಳು ತಂಡ ಕಟ್ಟಿದ್ದವು. ಅಷ್ಟು ಪಂದ್ಯಗಳ ಒಳಲೆಕ್ಕ ಬರೆದಿಟ್ಟರೆ ಅದೇ ಒಂದು ಭಂಡಾರ.

ರಾಯಚೂರಿಗೂ ಇಲ್ಲೊಂದು ಅವಕಾಶವಿದೆ. 2019ರಲ್ಲಿ ಆರಂಭವಾದ ಇಲ್ಲಿನ ಐಐಐಟಿಯಲ್ಲಿ ಕೃತಕ ಬುದ್ಧಿಮತ್ತೆ, ದತ್ತಾಂಶ ವಿಜ್ಞಾನ ಕಲಿಸುತ್ತಾರೆ. ಆಟದ ಕಡೆಗೆ ಬೇಕಾದದ್ದು ಇನ್ನೂ ಸರಳ: ಅಂಕಣದ ನಕ್ಷೆ ಬರೆದ ಹಾಳೆ, ಗಡಿಯಾರ, ಇಬ್ಬರು ಮಕ್ಕಳು. ಒಬ್ಬರು ನೋಡಿ ಹೇಳಬೇಕು, ಇನ್ನೊಬ್ಬರು ನಿಮಿಷದ ಸಮೇತ ಗುರುತು ಹಾಕಬೇಕು. ಮನೆಗೆ ಬಂದು ಎಕ್ಸೆಲ್‌ಗೆ ಏರಿಸಿದರೆ ಮೊದಲ ದಾಖಲೆ ಸಿದ್ಧ. ‘ಆರ್’, ‘ಪೈಥಾನ್’ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ.

ಒಂದು ಎಚ್ಚರ ಬೇಕು. ಐದು ಪೆನಾಲ್ಟಿ ಕಾರ್ನರ್‌ಗಳಲ್ಲಿ ಎರಡು ಗೋಲಾದರೆ ಶೇ 40. ಒಂದು ತಪ್ಪಿದ್ದರೆ ಶೇ 20. ಒಂದೇ ಪಂದ್ಯ ನೋಡಿ ಆಟಗಾರನನ್ನು ಹೊಗಳಲೂ ಬಾರದು, ಕೈಬಿಡಲೂ ಬಾರದು. ಸಾಲು ಸಾಲು ಪಂದ್ಯಗಳ ಲೆಕ್ಕ ಸೇರಿದ ಮೇಲಷ್ಟೇ ಅಂಕಿಯನ್ನು ನಂಬಬಹುದು.

ಅದಕ್ಕಾಗಿಯೇ ಬೇಗ ಶುರುಮಾಡಬೇಕು. ಗೋಲು ಹೊಡೆದವನ ಹೆಸರು ಪತ್ರಿಕೆಯಲ್ಲಿ ಬರುತ್ತದೆ. ಹತ್ತು ಸಲ ಚೆಂಡು ಕಿತ್ತುಕೊಂಡು ಮುಂದಕ್ಕೆ ಕೊಟ್ಟ ದೇವದುರ್ಗದ ಹುಡುಗಿಯ ಶ್ರಮ ಆಯ್ಕೆದಾರರಿಗೆ ಕಾಣಬೇಕಾದರೆ, ಅದನ್ನು ಬರೆದಿಟ್ಟ ಹಾಳೆಯೊಂದು ಇರಬೇಕು. ಮುಂದಿನ ಕ್ರೀಡಾಕೂಟದಲ್ಲಿ ದೈಹಿಕ ಶಿಕ್ಷಕರು ಆ ಹಾಳೆಯನ್ನು ಮಕ್ಕಳ ಕೈಗೆ ಕೊಡಲಿ.