ನಿಮಗಿದು ಗೊತ್ತೇ? ಅಂಗಳದಲ್ಲಿ ಎರಡು ತುಳಸಿಕಟ್ಟೆ ಕಂಡರೆ…

ಅಡಿಕೆ ಕೊಯ್ಲಿನಲ್ಲಿ ಮರದಿಂದ ಜಾರಿದವರ ಕೈಕಾಲು ಮುರಿದಿದೆಯೇ ಎಂದು ಮನೆಯವರು ಮೊದಲು ನೋಡುತ್ತಾರೆ. ಎರಡು ದಿನ ಕಳೆದು ಅವರು ‘ಅಂಗಳದಲ್ಲಿ ತುಳಸಿಕಟ್ಟೆ ಎರಡು ಕಾಣ್ತದೆ’ ಎಂದರೆ, ‘ತಲೆ ತಿರುಗಿರಬೇಕು, ಸ್ವಲ್ಪ ಮಲಗು’ ಎಂಬ ಉತ್ತರ ಸಿಗುವುದುಂಟು. ಆದರೆ ಕಣ್ಣನ್ನು ಹೊರಳಿಸುವ ನರಕ್ಕೆ ಪೆಟ್ಟು ಬಿದ್ದಿರಬಹುದು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ತೋಟದ ಮನೆಗಳಲ್ಲಿ ಎಲ್ಲರಿಗೂ ಈ ಸಂಗತಿ ತಿಳಿದಿರಬೇಕೆಂಬ ಆಸೆಯಿಂದ ಈ ಕಂತು.

ಒಂದೊಂದು ಕಣ್ಣಿಗೂ ಆರಾರು ಸ್ನಾಯು. ಅವನ್ನು ಆಳುವುದು ಮೂರೇ ನರ. ಮಿದುಳಿನಿಂದ ಹೊರಡುವ ಹನ್ನೆರಡು ಜೋಡಿ ನರಗಳಲ್ಲಿ ಮೂರನೆಯದು, ನಾಲ್ಕನೆಯದು ಮತ್ತು ಆರನೆಯದು. ಯಕ್ಷಗಾನದ ರಾಕ್ಷಸ ವೇಷ ಕಣ್ಣನ್ನು ಗರಗರ ತಿರುಗಿಸುವಾಗ ಎರಡೂ ಬದಿಯ ಈ ನರಗಳು ಒಂದೇ ತಾಳಕ್ಕೆ ದುಡಿಯುತ್ತಿರುತ್ತವೆ.

ನಾಲ್ಕನೇ ನರದ ಹೆಸರಿನಲ್ಲೇ ಬಾವಿಯ ರಾಟೆ ಇದೆ! ಲ್ಯಾಟಿನ್‌ನ ‘ಟ್ರಾಕ್ಲಿಯ’ ಅಂದರೆ ರಾಟೆ. ಹುಬ್ಬಿನ ಒಳತುದಿಯ ಕೆಳಗೆ, ಮೂಗಿನ ಬುಡದ ಪಕ್ಕ ಬೆರಳಿಟ್ಟು ನೋಡಿ. ಆ ಮೂಲೆಯ ಎಲುಬಿನ ಹಿಂಬದಿಗೆ ಅಂಟಿಕೊಂಡು ಒಂದು ಪುಟ್ಟ ಮೃದ್ವಸ್ಥಿಯ ಬಳೆ ಇದೆ. ಸ್ನಾಯುವಿನ ಹಗ್ಗ ಹಿಂದಿನಿಂದ ಬಂದು ಆ ಬಳೆಯಲ್ಲಿ ತೂರಿ, ತಿರುವಿಕೊಂಡು ಕಣ್ಣುಗುಡ್ಡೆಯನ್ನು ಹಿಡಿಯುತ್ತದೆ. ಹಗ್ಗ ಎಳೆದರೆ ಕಣ್ಣು ಕೆಳಕ್ಕೆ ಇಳಿಯುತ್ತದೆ, ಮೂಗಿನ ಕಡೆ ನೋಡುತ್ತಿರುವಾಗಲಂತೂ ಇನ್ನಷ್ಟು. ಎಳೆಯುವ ಕೈ ನಾಲ್ಕನೇ ನರ.

ಮೂರರಲ್ಲಿ ಇದೇ ತೀರಾ ತೆಳು. ಮಿದುಳುಕಾಂಡದ ಹಿಂಬದಿಯಿಂದ ಹೊರಡುವ ಏಕೈಕ ನರವೂ ಇದೇ. ಹಾಗಾಗಿ ಮುಂದಕ್ಕೆ ಬರಲು ಸುತ್ತು ದಾರಿ ಹಿಡಿಯಬೇಕು. ಆ ದಾರಿಯಲ್ಲಿ ಒಂದು ಗಟ್ಟಿ ಪೊರೆಯ ಅಂಚು ಇದೆ. ತಲೆ ಜೋರಾಗಿ ಕುಲುಕಿದಾಗ ನರ ಅಲ್ಲಿ ಜಜ್ಜಿಹೋಗಬಹುದು. ತಲೆಬುರುಡೆ ಒಡೆಯಲೇಬೇಕೆಂದಿಲ್ಲ, ಪ್ರಜ್ಞೆ ತಪ್ಪಲೇಬೇಕೆಂದಿಲ್ಲ.

ಈ ನರ ಸೋತವರಿಗೆ ವಸ್ತುಗಳು ಒಂದರ ಮೇಲೊಂದು ಎರಡಾಗಿ ಕಾಣುತ್ತವೆ. ಕಷ್ಟ ಗೊತ್ತಾಗುವುದು ಅಟ್ಟದಿಂದ ಇಳಿಯುವಾಗ, ಪೇಪರ್ ಓದುವಾಗ, ಬಟ್ಟಲಿನ ಗಂಜಿ ನೋಡುವಾಗ. ಅರಿವಿಲ್ಲದೆಯೇ ತಲೆ ಸೋತ ಕಣ್ಣಿನ ಎದುರು ಬದಿಯ ಭುಜದ ಕಡೆಗೆ ವಾಲುತ್ತದೆ, ಯಾಕೆಂದರೆ ಹಾಗೆ ವಾಲಿಸಿದರೆ ಎರಡು ಒಂದಾಗುತ್ತದೆ.

ಮದುವೆಯ ಆಲ್ಬಂ ಕೂಡ ಒಂದು ವೈದ್ಯಕೀಯ ದಾಖಲೆ! ಕೆಲವರಿಗೆ ಈ ದೋಷ ಹುಟ್ಟಿನಿಂದಲೇ ಇರುತ್ತದೆ. ಶಾಲೆಯ ಗುಂಪು ಫೋಟೊದಿಂದ ಮದುವೆಯ ಫೋಟೊವರೆಗೆ ತಲೆ ಒಂದೇ ಕಡೆ ವಾಲಿದ್ದರೆ, ತೊಂದರೆ ನಿನ್ನೆ ಮೊನ್ನೆಯ ಪೆಟ್ಟಿನದಲ್ಲ ಎಂದು ವೈದ್ಯರು ಊಹಿಸುತ್ತಾರೆ. ಅವರ ಬಳಿ ಹೋಗುವಾಗ ಹಳೆಯ ಫೋಟೊ ಹಿಡಿದುಕೊಂಡು ಹೋಗಿ.

ಆರನೇ ನರಕ್ಕೆ ಒಂದೇ ಕೆಲಸ, ಕಣ್ಣನ್ನು ಕಿವಿಯ ಕಡೆ ಎಳೆಯುವುದು. ಬಲಗಡೆಯದು ಸೋತರೆ ಬೈಕಿನ ಬಲಗನ್ನಡಿ ನೋಡುವಾಗ ಹಿಂದಿನ ಒಂದು ಬಸ್ಸು ಅಕ್ಕಪಕ್ಕದಲ್ಲಿ ಎರಡಾಗುತ್ತದೆ. ಬಿ.ಸಿ. ರೋಡಿನಂಥ ಜಂಕ್ಷನ್‌ನಲ್ಲಿ ಹಾಗಾದರೆ ಏನು ಗತಿ, ಯೋಚಿಸಿ. ಒಂದು ವಿಚಿತ್ರವೆಂದರೆ, ತಲೆಯೊಳಗೆ ಎಲ್ಲಿ ಊತ ಬಂದು ಒತ್ತಡ ಏರಿದರೂ ಈ ನರ ಸೋಲಬಹುದು. ಆದ್ದರಿಂದ ಇದು ಸುಳ್ಳು ದಿಕ್ಕು ತೋರಿಸುವ ಲಕ್ಷಣ ಎಂದೇ ವೈದ್ಯರಲ್ಲಿ ಹೆಸರಾಗಿದೆ.

ಮೂರನೆಯದು ಯಜಮಾನ. ನಾಲ್ಕು ಸ್ನಾಯು, ರೆಪ್ಪೆ ಎತ್ತುವ ಕೆಲಸ, ಪಾಪೆ ಕುಗ್ಗಿಸುವ ಕೆಲಸ, ಎಲ್ಲ ಅದರದೇ. ಅದು ಪೂರ್ತಿ ಸೋತರೆ ರೆಪ್ಪೆ ಜೋತು ಬೀಳುತ್ತದೆ, ಒಳಗೆ ಕಣ್ಣು ಹೊರಕ್ಕೂ ಕೆಳಕ್ಕೂ ವಾಲಿರುತ್ತದೆ.

ಇಲ್ಲಿ ಅಡಿಕೆಯನ್ನೇ ನೆನೆದುಕೊಳ್ಳಿ. ಪಾಪೆಯ ಎಳೆಗಳು ಈ ನರದ ಸಿಪ್ಪೆಯ ಭಾಗದಲ್ಲಿವೆ, ಉಳಿದವು ತಿರುಳಿನಲ್ಲಿ. ಸಕ್ಕರೆ ಕಾಯಿಲೆ ಸಣ್ಣ ರಕ್ತನಾಳಗಳನ್ನು ಕೆಡಿಸಿ ತಿರುಳನ್ನು ಒಣಗಿಸುತ್ತದೆ. ಆಗ ಕಣ್ಣು ಹೊರಳದಿದ್ದರೂ ಪಾಪೆ ಸಾಮಾನ್ಯವಾಗಿ ಸರಿಯೇ ಇರುತ್ತದೆ, ಮೂರು ತಿಂಗಳೊಳಗೆ ಬಹುಮಂದಿಗೆ ಗುಣವಾಗುತ್ತದೆ. ಆದರೆ ಮಿದುಳಿನ ರಕ್ತನಾಳ ಬಲೂನಿನಂತೆ ಉಬ್ಬಿ ಹೊರಗಿನಿಂದ ಒತ್ತಿದರೆ ಮೊದಲು ನಲುಗುವುದು ಸಿಪ್ಪೆ. ಜೋತ ರೆಪ್ಪೆಯ ಹಿಂದೆ ಪಾಪೆ ದೊಡ್ಡದಾಗಿದ್ದರೆ, ಜೊತೆಗೆ ಹಠಾತ್ ತಲೆಸಿಡಿತವಿದ್ದರೆ, ಬೆಳಗಾಗಲಿ ಎಂದು ಕಾಯಬಾರದು. ತಲೆಗೆ ಪೆಟ್ಟು ಬಿದ್ದವರು ಮಂಪರಿಗೆ ಜಾರುತ್ತಾ ಒಂದು ಪಾಪೆ ಹಿಗ್ಗಿದರೂ ಅಷ್ಟೇ. ತಕ್ಷಣ 108ಕ್ಕೆ ಕರೆ ಮಾಡಿ.

ಪೆಟ್ಟೇ ಇಲ್ಲದೆ ಬೆಳಿಗ್ಗೆ ಎದ್ದಾಗ ಎರಡೂ ರೆಪ್ಪೆ ಎತ್ತಲಾಗದಿದ್ದರೆ? ನೆಲದಲ್ಲಿ ಮಲಗಿದ್ದರೇ ಎಂದು ಕೇಳಿ. ಕಟ್ಟುಹಾವು ರಾತ್ರಿ ಮಲಗಿದವರನ್ನು ಕಚ್ಚುವುದು ಹೆಚ್ಚು. ನೋವು ಅಷ್ಟಾಗಿ ಇರುವುದಿಲ್ಲ, ಗಾಯವೂ ಕಾಣದಿರಬಹುದು. ನರ ಹರಿದಿರುವುದಿಲ್ಲ. ನರದಿಂದ ಸ್ನಾಯುವಿಗೆ ಸಂದೇಶ ದಾಟುವ ಕಡೆ ವಿಷ ಬೇಲಿ ಹಾಕಿರುತ್ತದೆ. ಮುಂದಿನ ಸರದಿ ಉಸಿರಾಟದ ಸ್ನಾಯುಗಳದು. ಮಂತ್ರ, ನಾಟಿಮದ್ದು ಎಂದು ಒಂದು ನಿಮಿಷವನ್ನೂ ಕಳೆಯಬೇಡಿ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಒಂದಿದೆ. ಒಂದು ಕಣ್ಣು ಮುಚ್ಚಿ ನೋಡಿ, ಆಮೇಲೆ ಇನ್ನೊಂದನ್ನು. ಯಾವುದನ್ನು ಮುಚ್ಚಿದರೂ ಎರಡು ಹೋಗಿ ಒಂದೇ ಕಂಡರೆ ಎರಡು ಕಣ್ಣುಗಳ ಹೊಂದಾಣಿಕೆ ತಪ್ಪಿದೆ ಎಂದರ್ಥ. ಒಂದೇ ಕಣ್ಣಲ್ಲಿ ನೋಡಿದಾಗಲೂ ಎರಡೇ ಕಂಡರೆ ತೊಂದರೆ ಬಹುತೇಕ ಆ ಕಣ್ಣಿನದೇ, ಪೊರೆಯಂಥದ್ದು.

ಯಾವ ಸ್ನಾಯು ಎಷ್ಟು ಸೋತಿದೆ ಎಂದು ನಕ್ಷೆ ಬರೆಯುವ ಹೆಸ್ ಪರದೆ 1908ರದು. ರೂಪಿಸಿದ ವಾಲ್ಟರ್ ಹೆಸ್ ಆಗ ಸ್ವಿಟ್ಜರ್ಲೆಂಡಿನ ತರುಣ ಕಣ್ಣಿನ ವೈದ್ಯ. ಮುಂದೆ ಮಿದುಳಿನ ಅಧ್ಯಯನಕ್ಕೆ ಹೊರಳಿ 1949ರಲ್ಲಿ ನೊಬೆಲ್ ಪಡೆದರು.

ಕನ್ನಡಕಕ್ಕೆ ಅಂಟಿಸುವ ತೆಳು ಫ್ರೆನೆಲ್ ಪ್ರಿಸಂ ಎರಡು ಚಿತ್ರಗಳನ್ನು ಒಂದುಗೂಡಿಸುತ್ತದೆ. ಸಮುದ್ರದ ದೀಪಸ್ತಂಭಗಳಿಗಾಗಿ 1820ರ ದಶಕದಲ್ಲಿ ಹುಟ್ಟಿದ ಗಾಜಿನ ಉಪಾಯವೇ ಇದರ ಮೂಲ.

ಪೆಟ್ಟೇ ಬೀಳದಂತೆ ನೋಡಿಕೊಳ್ಳುವುದು ಇದೆಲ್ಲಕ್ಕಿಂತ ಮೇಲು. 2019ರಲ್ಲಿ ಬಂಟ್ವಾಳ ತಾಲ್ಲೂಕಿನ ಸಜೀಪಮೂಡದ ಕೃಷಿಕ ಗಣಪತಿ ಭಟ್ಟರ ಮರ ಏರುವ ಬೈಕ್ ದೇಶವಿಡೀ ಸುದ್ದಿಯಾಯಿತು. ಈಗ ನೆಲದಲ್ಲೇ ನಿಂತು ಗೊನೆ ಕೊಯ್ಯುವ ಫೈಬರ್ ದೋಟಿಗಳೂ ಬಂದಿವೆ. ಕೆಲಸ ಬೇಗ ಆಗುತ್ತದೆ ಎಂದು ಹೊಗಳುತ್ತಾರೆ. ಬೀಳುವವರ ತಲೆ ಉಳಿಯುತ್ತದೆ ಎಂದು ನಾನು ಹೊಗಳುತ್ತೇನೆ. ರಸ್ತೆಯಲ್ಲಿ ಆ ಕೆಲಸ ಹೆಲ್ಮೆಟ್ಟಿನದು. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ 2016ರಿಂದ ಕಡ್ಡಾಯ. ಗಲ್ಲದ ಬೆಲ್ಟ್ ಹಾಕದಿದ್ದರೆ ತಲೆ ನೆಲ ಮುಟ್ಟುವ ಮೊದಲೇ ಅದು ಹಾರಿಹೋಗಿರುತ್ತದೆ.

ಪೆಟ್ಟು ತಿಂದ ನರ ತಾನಾಗಿ ಚೇತರಿಸಿಕೊಳ್ಳುವುದೂ ಇದೆ. ಅದಕ್ಕೇ ಶಸ್ತ್ರಚಿಕಿತ್ಸೆಗೆ ಮೊದಲು ಸಾಮಾನ್ಯವಾಗಿ ಆರು ತಿಂಗಳು ಕಾಯುತ್ತಾರೆ. ಆದರೆ ಮೂರನೇ ನರ ಮತ್ತೆ ಚಿಗುರುವಾಗ ಎಳೆಗಳಿಗೆ ದಾರಿ ತಪ್ಪುವುದುಂಟು. ಕಣ್ಣಿಗೆ ಹೋಗಬೇಕಾದ ಎಳೆ ರೆಪ್ಪೆಗೆ ಹೋಗಿ ಸೇರುತ್ತದೆ. ಅಂಥವರು ಊಟದ ಎಲೆಯತ್ತ ಕಣ್ಣು ತಗ್ಗಿಸಿದಾಗ ರೆಪ್ಪೆ ಇಳಿಯುವುದಿಲ್ಲ, ಮೇಲಕ್ಕೇಳುತ್ತದೆ.